ದೆಹಲಿಯ ಸೀಟಿನಲ್ಲಿ ನರಗುಂದದವರು

ಹೌಜ್ ಖಾಸ್‌ನ ನಮ್ಮ ಓಣಿಗೆ ಮತ ಕೇಳಲು ಬರುವವರಲ್ಲಿ ಒಬ್ಬ ಕನ್ನಡಿಗರನ್ನೂ ನಾನು ಕಂಡಿಲ್ಲ. ಆದರೆ 1978ರಿಂದ 1984ರವರೆಗೆ ರಾಜ್ಯಸಭೆಯಲ್ಲಿ ಇದೇ ದೆಹಲಿಯನ್ನು ಪ್ರತಿನಿಧಿಸಿದವರು ನರಗುಂದದ ಜಗನ್ನಾಥರಾವ್ ಜೋಶಿ.

ಆರೆಸ್ಸೆಸ್ ಪ್ರಚಾರಕರಾಗಿದ್ದ ಜೋಶಿ 1955ರ ಗೋವಾ ಸತ್ಯಾಗ್ರಹದಲ್ಲಿ ಪೋರ್ಚುಗೀಸರ ಜೈಲು ಕಂಡವರು. ಕರ್ನಾಟಕದಲ್ಲಿ ಜನಸಂಘಕ್ಕೆ ಲೋಕಸಭೆಯ ಒಂದು ಸ್ಥಾನವೂ ದಕ್ಕದ ಕಾಲ ಅದು. ಅವರು 1967ರಲ್ಲಿ ಭೋಪಾಲದಿಂದ, 1971ರಲ್ಲಿ ಶಾಜಾಪುರದಿಂದ ಗೆದ್ದರು. ನಗಿಸುತ್ತಲೇ ಚುಚ್ಚುವ ಭಾಷಣಕ್ಕೆ ಅವರು ಹೆಸರುವಾಸಿ. ಕಾಶ್ಮೀರಕ್ಕೆ ವಿಶೇಷ ಸ್ಥಾನ ಬೇಡ, ಎಲ್ಲರಿಗೂ ಒಂದೇ ನಾಗರಿಕ ಕಾನೂನು, ಗೋಹತ್ಯೆ ನಿಷೇಧ, ಹಿಂದಿಗೆ ಮುಖ್ಯ ಸ್ಥಾನ: ಇವು ಅವರ ಪಕ್ಷದ ನಿಲುವುಗಳು.

ಇವುಗಳಲ್ಲಿ ಹಲವನ್ನು ನಾನು ಒಪ್ಪುವುದಿಲ್ಲ, ಹಿಂದಿಯ ಮಾತನ್ನಂತೂ ಇಲ್ಲವೇ ಇಲ್ಲ. ಆದರೂ ಕನ್ನಡ ಮನೆಮಾತಿನವರೊಬ್ಬರನ್ನು ಭೋಪಾಲದ ಮತದಾರರು ಹೊರಗಿನವರೆಂದು ತಳ್ಳಲಿಲ್ಲ. ಕನ್ನಡ ಕಲಿತ ಭೋಪಾಲದವರೊಬ್ಬರು ನರಗುಂದದಲ್ಲೋ ಬೆಂಗಳೂರಿನಲ್ಲೋ ಚುನಾವಣೆಗೆ ನಿಂತರೆ ನಮ್ಮವರು ಗೆಲ್ಲಿಸುತ್ತಾರೆಯೇ? ಊರಲ್ಲಿ ‘ವಲಸಿಗರು’ ಎಂದು ಬೈಯುವ ವಾಟ್ಸಾಪ್ ಸಂದೇಶಗಳು ನಮ್ಮ ಗುಂಪುಗಳಿಗೂ ಬರುತ್ತವೆ. ಮುಂದಕ್ಕೆ ಕಳಿಸುವ ಮುನ್ನ ನೆನಪಿರಲಿ: ಇಲ್ಲಿ ವಲಸಿಗರು ನಾವೇ.