ಮೊಳಕೆಯೂ ಪಾತಿಯೂ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಅರ್ಧಸತ್ಯ. ಸಿರಿಯುಂಟೆಂಬುದನ್ನು ಮೊಳಕೆ ತಿಳಿಸೀತು. ಅದಕ್ಕೆ ತಕ್ಕ ಪಾತಿ ಯಾವುದೆಂಬುದನ್ನು ಕಾಲವೇ ತಿಳಿಸಬೇಕು.

ಪೂರ್ವ ಆಸ್ಟ್ರೇಲಿಯದ ಜನರಿಗೆ ಅಚ್ಚುಮೆಚ್ಚಾದ ರಗ್ಬಿ ಲೀಗ್ ಆಟವನ್ನು ನೋಡಿ. ತಂಡಕ್ಕೆ 13 ಮಂದಿ. ಎದುರಾಳಿಗಳ ಸಾಲಿಗೆ ನುಗ್ಗುವ ದೃಢಕಾಯರು ಕೆಲವರು. ಅಂಚಿನಲ್ಲಿ ಓಡುವ ಚುರುಕುಗಾಲಿನವರು ಕೆಲವರು. ಆಟದ ಸೂತ್ರ ಹಿಡಿಯುವವರು ಇಬ್ಬರೋ ಮೂವರೋ. 14ರ ಹುಡುಗನೊಬ್ಬ ಓರಗೆಯವರಿಗಿಂತ ಬೇಗ ಬೆಳೆದನೆಂದರೆ, ಅವನನ್ನು ನುಗ್ಗುವವರ ಗುಂಪಿಗೆ ಸೇರಿಸಿಬಿಡುವ ಆತುರ ಸಹಜ. ಕೆಲವೇ ವರ್ಷಗಳಲ್ಲಿ ಉಳಿದವರೂ ಅವನೆತ್ತರಕ್ಕೆ ಬಂದಾಗ, ಮೈಬಲವೊಂದನ್ನೇ ನಂಬಿದವನಿಗೆ ಉಳಿಯುವುದೇನು? ಆದುದರಿಂದ ಜಾಣ ತರಬೇತುದಾರ ಮೈಯೊಡನೆ ಕಣ್ಣನ್ನೂ ಪರೀಕ್ಷಿಸುತ್ತಾನೆ. ಚೆಂಡು ಕೈಸೇರುವ ಮೊದಲು ಹುಡುಗ ಎತ್ತ ನೋಡಿದ? ದಣಿದ ಮೇಲೂ ಅವನ ತೀರ್ಮಾನ ಸರಿಯಾಗಿತ್ತೆ?

ಬ್ರಿಸ್ಬೇನ್ ತಂಡದ ಡ್ಯಾರೆನ್ ಲಾಕ್ಯರ್ ಎಲ್ಲರಿಗಿಂತ ಹಿಂದೆ ನಿಲ್ಲುವ ಫುಲ್‌ಬ್ಯಾಕ್ ಆಗಿ, 2003ರಲ್ಲಿ ಜಗತ್ತಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ‘ಗೋಲ್ಡನ್ ಬೂಟ್’ ಪಡೆದರು. 2004ರಲ್ಲಿ ಅವರನ್ನು ಮುಂದೆ ತಂದು, ಆಟ ನಡೆಸುವ ಫೈವ್-ಎಯ್ತ್ ಸ್ಥಾನದಲ್ಲಿ ನಿಲ್ಲಿಸಿದರು. 2006ರಲ್ಲಿ ಅದೇ ಪ್ರಶಸ್ತಿ ಮತ್ತೆ ಒಲಿಯಿತು. ಅವರ ನಾಯಕತ್ವದಲ್ಲಿ ತಂಡವೂ ಲೀಗನ್ನು ಗೆದ್ದಿತು. ಹಿಂದೆ ನಿಂತು ಇಡೀ ಮೈದಾನವನ್ನು ಓದಿದ ವರ್ಷಗಳು ವ್ಯರ್ಥವಾಗಲಿಲ್ಲ.

ಎಳೆಯರಿಗೆ ಒಂದು ಸ್ಥಾನ ಕೊಡೋಣ. ಅದನ್ನೇ ಹಣೆಬರಹವೆಂದು ಬರೆದುಬಿಡುವುದು ಬೇಡ.