ಮನೆಯಂಗಳದ ವಿದ್ಯುತ್ ಚಾರ್ಜರ್: ನಿಜವಾದ ವೆಚ್ಚವೆಷ್ಟು?

ಪೀಣ್ಯ, ದಾಸರಹಳ್ಳಿ, ಬಾಗಲಗುಂಟೆ ಭಾಗದ ಸಣ್ಣ ಉದ್ಯಮಿಗಳು ಹಾಗೂ ವರ್ತಕರು ವಿದ್ಯುತ್ ಕಾರಿನತ್ತ ಒಲವು ತೋರುತ್ತಿರುವುದು ಸ್ವಾಗತಾರ್ಹ. ಕಾರಿನ ಬೆಲೆ, ಬ್ಯಾಟರಿಯ ಖಾತರಿ, ಬ್ಯಾಂಕಿನ ಬಡ್ಡಿದರ ಇವೆಲ್ಲವನ್ನೂ ನಾಲ್ಕು ಕಡೆ ವಿಚಾರಿಸುವ ಇವರು, ಮನೆಯ ಹೊರಗೋಡೆಗೆ ಕೂರಿಸಬೇಕಾದ ಚಾರ್ಜರಿನ ವಿಷಯ ಬಂದಾಗ ಮಾತ್ರ ‘ಅದನ್ನು ಕಂಪನಿಯವರೇ ಉಚಿತವಾಗಿ ಕೊಡುತ್ತಾರಂತೆ’ ಎಂಬ ಒಂದು ಮಾತಿಗೆ ತೃಪ್ತರಾಗಿಬಿಡುತ್ತಾರೆ. ಉಚಿತ ಎಂಬ ಪದ ಕಂಡಲ್ಲಿ ಪೆನ್ಸಿಲ್ ಕೈಗೆತ್ತಿಕೊಳ್ಳುವುದು ನಮ್ಮ ವೃತ್ತಿಯ ಅಭ್ಯಾಸ. ಚಾರ್ಜರಿನ ಪೆಟ್ಟಿಗೆಯ ಬೆಲೆ ಒಟ್ಟು ವೆಚ್ಚದಲ್ಲಿ ಸಣ್ಣ ಭಾಗ. ದೊಡ್ಡ ಭಾಗವು ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಅಗತ್ಯವೆಷ್ಟು ಎಂಬುದನ್ನು ನೋಡೋಣ. ಬಾಗಲಗುಂಟೆಯಿಂದ ಪೀಣ್ಯದ ಕಾರ್ಖಾನೆಗೆ, ಅಲ್ಲಿಂದ ಚಿಕ್ಕಪೇಟೆಗೆ ಹೋಗಿಬರುವ ಉದ್ಯಮಿಯ ಕಾರು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಯೂನಿಟ್ಟಿಗೆ 7 ಕಿಲೋಮೀಟರಿನಂತೆ ಲೆಕ್ಕ ಹಾಕಿದರೆ ದಿನಕ್ಕೆ ಆರು ಯೂನಿಟ್ ಸಾಕು. ಸಾಮಾನ್ಯ 16 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ ಕಾರಿಗೆ ಸೇರುತ್ತದೆ. ಅಂದರೆ ಎರಡು ಗಂಟೆಯ ಕೆಲಸ. ಕಾರು ರಾತ್ರಿಯಿಡೀ ಅಂಗಳದಲ್ಲೇ ನಿಂತಿರುವಾಗ 7.2 ಕಿಲೋವ್ಯಾಟ್ ಸಾಮರ್ಥ್ಯದ ಚಾರ್ಜರನ್ನು ಗೋಡೆಗೆ ಹಾಕಿಸಿಕೊಳ್ಳುವುದರಿಂದ ಆಗುವ ಲಾಭವೇನೆಂಬುದು ನನಗೆ ತಿಳಿಯದು. ನೆರೆಮನೆಯವರು ಹಾಕಿಸಿದ್ದಾರೆ ಎಂಬುದು ಕಾರಣವಾಗಲಾರದು.

ದೊಡ್ಡ ಚಾರ್ಜರಿಗೆ ಮಂಜೂರಾದ ಲೋಡ್ ಹೆಚ್ಚಿಸಬೇಕಾಗುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2025-26ನೇ ಸಾಲಿಗೆ ಗೃಹಬಳಕೆಯ ನಿಗದಿತ ಶುಲ್ಕವನ್ನು ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ಎಂದು ಗೊತ್ತುಪಡಿಸಿತು. 4 ಕಿಲೋವ್ಯಾಟ್ ಇದ್ದ ಮನೆ 9ಕ್ಕೆ ಏರಿದರೆ ತಿಂಗಳಿಗೆ 725 ರೂ., ವರ್ಷಕ್ಕೆ 8,700 ರೂ. ಹೆಚ್ಚುವರಿ ಹೊರೆ. ಕಾರು ಚಾರ್ಜ್ ಮಾಡಿದರೂ ಮಾಡದಿದ್ದರೂ ಇದನ್ನು ತೆರಲೇಬೇಕು. ಭದ್ರತಾ ಠೇವಣಿ ಬೇರೆ.

ಇದಕ್ಕಿಂತ ಗಂಭೀರವಾದುದು ಗೃಹಜ್ಯೋತಿಯ ಪ್ರಶ್ನೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಮನೆಯ ಒಟ್ಟು ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚುವರಿ ಯೂನಿಟ್ಟುಗಳಿಗಷ್ಟೇ ಅಲ್ಲದೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಈಗ 150 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬವನ್ನು ತೆಗೆದುಕೊಳ್ಳಿ. ಕಾರಿಗೆ ತಿಂಗಳಿಗೆ 170 ಯೂನಿಟ್ ಸೇರಿದರೆ ಬಳಕೆ 320 ಯೂನಿಟ್ ಆಗುತ್ತದೆ. 2025-26ರ ದರದಂತೆ ಯೂನಿಟ್ಟಿಗೆ 5.80 ರೂ., ಪಿಂಚಣಿ ಮತ್ತು ಉಪದಾನದ ಬಾಬ್ತು 36 ಪೈಸೆ ಹಾಗೂ ಶೇ. 9ರ ವಿದ್ಯುತ್ ತೆರಿಗೆ ಸೇರಿ, ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟು, ಸುಮಾರು 6.70 ರೂ. ಬೀಳುತ್ತದೆ. ಕಾರಿನ 170 ಯೂನಿಟ್ಟಿಗೆ 1,139 ರೂ. ಇಷ್ಟನ್ನೇ ಮಾರಾಟಗಾರರು ಹೇಳುವುದು. ಆದರೆ ಅದುವರೆಗೆ ಕೊಡದಿದ್ದ ಮನೆಯ 150 ಯೂನಿಟ್ಟಿನ 1,005 ರೂ. ಹಾಗೂ 4 ಕಿಲೋವ್ಯಾಟ್‌ನ ನಿಗದಿತ ಶುಲ್ಕ 580 ರೂ. ಸಹ ಈ ಕಾರಿನಿಂದಲೇ ಬಂದ ಖರ್ಚು. ಒಟ್ಟು 2,724 ರೂ. ಅಂದರೆ ಕಾರಿಗೆ ಹಾಕಿದ ಪ್ರತಿ ಯೂನಿಟ್ಟಿನ ನಿಜವಾದ ಬೆಲೆ 16 ರೂ. ಲೋಡನ್ನೂ ಏರಿಸಿದ್ದಲ್ಲಿ ಅದು 20 ರೂ. ದಾಟುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಉಳಿತಾಯವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕಾರು ಕೊಳ್ಳುವಾಗ ಹಾಕಿಕೊಂಡ ಲೆಕ್ಕ ಅದಾಗಿರಲಿಲ್ಲ.

ಕಾರಿಗೂ ಸರ್ಕಾರ ಉಚಿತ ವಿದ್ಯುತ್ ಕೊಡಲಿ ಎಂದು ನಾನು ವಾದಿಸುತ್ತಿಲ್ಲ. ಕಾರಿನ ವಿದ್ಯುತ್ತಿಗೆ ಕಾರಿನ ಬೆಲೆಯನ್ನೇ ಕೊಡುವಂತಾಗಲಿ ಎಂಬುದಷ್ಟೇ ನನ್ನ ವಾದ. ಅದಕ್ಕೆ ಮಾರ್ಗವೂ ಇದೆ. ಕೇಂದ್ರದ ಮಾರ್ಗಸೂಚಿಯಂತೆ ಮನೆಯ ಹಾಲಿ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಜೊತೆಗೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಗ್ರಾಹಕನು ವಾಹನಕ್ಕೆಂದೇ ಪ್ರತ್ಯೇಕ ಸಂಪರ್ಕವನ್ನೂ ಕೇಳಬಹುದು. ವಾಹನ ಚಾರ್ಜಿಂಗ್‌ಗೆ ಆಯೋಗದ ದರಪಟ್ಟಿಯಲ್ಲಿ ಎಲ್‌ಟಿ-6(ಸಿ) ಎಂಬ ವರ್ಗವಿದೆ. 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಕಡ್ಡಾಯಗೊಳಿಸಿದ ಸ್ಮಾರ್ಟ್ ಮೀಟರಿನ ಬೆಲೆ ಸಿಂಗಲ್ ಫೇಸಿಗೆ ಸುಮಾರು 5 ಸಾವಿರ, ತ್ರೀ ಫೇಸಿಗೆ ಸುಮಾರು 28 ಸಾವಿರ ರೂ. ಗೃಹಜ್ಯೋತಿಯ ಫಲಾನುಭವಿಗೆ ಸಿಂಗಲ್ ಫೇಸ್ ಮೀಟರಿನ ಖರ್ಚು, ಹೊಸ ಮೀಟರಿನ ನಿಗದಿತ ಶುಲ್ಕವನ್ನು ಕಳೆದರೂ, ಐದಾರು ತಿಂಗಳಲ್ಲಿ ಹಿಂದಿರುಗುತ್ತದೆ. ತ್ರೀ ಫೇಸಿನ ಮಾತು ಹಾಗಲ್ಲ. ಸಣ್ಣ ಚಾರ್ಜರೇ ಸಾಕೆಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ತೊಡಕಿರುವುದು ಕಾಗದಪತ್ರಗಳಲ್ಲಿ. ಬಾಗಲಗುಂಟೆ ಹಿಂದೆ ದಾಸರಹಳ್ಳಿ ನಗರಸಭೆಗೆ ಸೇರಿದ್ದು, 2007ರಲ್ಲಿ ಬಿಬಿಎಂಪಿಗೆ ವಿಲೀನವಾದ ಪ್ರದೇಶ. ಇಂತಹ ಕಡೆಗಳಲ್ಲಿ ನಕ್ಷೆ ಮಂಜೂರಾತಿ, ಸ್ವಾಧೀನಾನುಭವ ಪ್ರಮಾಣಪತ್ರ ಅಂದರೆ ಓ.ಸಿ. ಇಲ್ಲದ ಮನೆಗಳಿಗೆ ಕೊರತೆಯಿಲ್ಲ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಓ.ಸಿ. ಇಲ್ಲದ ಕಟ್ಟಡಗಳಿಗೆ ಹೊಸ ವಿದ್ಯುತ್ ಸಂಪರ್ಕ ನಿಂತುಹೋಯಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು 1,200 ಚದರಡಿವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಓ.ಸಿ.ಯಿಂದ ವಿನಾಯಿತಿ ನೀಡಿತು. ಮೂವತ್ತು-ನಲವತ್ತರ ನಿವೇಶನದವರಿಗೆ ಇದರಿಂದ ದಾರಿ ತೆರೆದಿದೆ. ಅದಕ್ಕಿಂತ ದೊಡ್ಡ ನಿವೇಶನದವರು ಕಾರು ಕಾದಿರಿಸುವ ಮುನ್ನವೇ ತಮ್ಮ ದಾಖಲೆಗಳನ್ನು ಪರಿಶೀಲಿಸಿಕೊಳ್ಳುವುದು ಒಳಿತು.

ತೆರಿಗೆಯ ಬಗ್ಗೆ ಎರಡು ಮಾತು. 2019ರ ಆಗಸ್ಟ್ 1ರಿಂದ ಚಾರ್ಜರಿನ ಮೇಲಿನ ಜಿಎಸ್‌ಟಿಯನ್ನು ಶೇ. 18ರಿಂದ 5ಕ್ಕೆ ಇಳಿಸಲಾಯಿತು. ಆದರೆ ವೈರಿಂಗ್ ಕೆಲಸಕ್ಕೆ ಶೇ. 18 ಇದ್ದೇ ಇದೆ. ಎರಡನ್ನೂ ಸೇರಿಸಿ ಗುತ್ತಿಗೆ ಬಿಲ್ ಪಡೆದರೆ ಚಾರ್ಜರಿನ ಮೇಲೂ ಶೇ. 18 ಬೀಳುವ ಸಂಭವವಿದೆ. 30 ಸಾವಿರದ ಚಾರ್ಜರಿಗೆ ವ್ಯತ್ಯಾಸ 3,900 ರೂ. ಆದುದರಿಂದ ಬಿಲ್ಲುಗಳನ್ನು ಬೇರೆಬೇರೆಯಾಗಿ ಪಡೆಯಿರಿ. ಮನೆಯಲ್ಲಿ ಕೂರಿಸಿದ ಚಾರ್ಜರನ್ನು ಸಂಸ್ಥೆಯ ಹೆಸರಿಗೆ ಬಿಲ್ ಮಾಡಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಸಲಹೆಗಳು ಕೇಳಿಬರುತ್ತಿವೆ. ಸ್ವಂತ ಬಳಕೆಯ ಸರಕಿಗೆ ಕಾಯ್ದೆ ಈ ಸೌಲಭ್ಯ ಕೊಡುವುದಿಲ್ಲ. ತಪಾಸಣೆಯಲ್ಲಿ ಬಡ್ಡಿಸಹಿತ ಹಿಂದಿರುಗಿಸಬೇಕಾದೀತು. ಸರಕು ಸಾಗಣೆಯ ವಿದ್ಯುತ್ ಆಟೋಗಾಗಿ ಕಾರ್ಖಾನೆಯ ಆವರಣದಲ್ಲೇ ಹಾಕಿಸಿದ ಚಾರ್ಜರಿನ ವಿಷಯ ಬೇರೆ. ಅಲ್ಲಿ ಜಮೆಯೂ ಸವಕಳಿಯೂ ನ್ಯಾಯವಾಗಿ ದೊರೆಯುತ್ತವೆ.

ಹೊರಗೋಡೆಯ ಕೆಲಸದಲ್ಲಿ ಮಾತ್ರ ಜಿಪುಣತನ ಬೇಡ. ಮೀಟರಿನಿಂದ ಪ್ರತ್ಯೇಕ ತಾಮ್ರದ ಕೇಬಲ್, ಸೋರಿಕೆಯಾದೊಡನೆ ವಿದ್ಯುತ್ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಗುಂಡಿ, ಮಳೆನೀರು ಒಳಸೇರದ ಪೆಟ್ಟಿಗೆ, ಪರವಾನಗಿ ಪಡೆದ ಗುತ್ತಿಗೆದಾರ ಇವಿಷ್ಟೂ ಬೇಕು. ಕಂಪನಿಯ ಉಚಿತ ಅಳವಡಿಕೆಯಲ್ಲಿ ಇಂತಿಷ್ಟೇ ಮೀಟರ್ ಕೇಬಲ್ ಎಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ಮೀಟರ್ ಹಿಂಬದಿಯಲ್ಲಿದ್ದು ಕಾರು ಮುಂದೆ ನಿಲ್ಲುವ ಮನೆಗೆ ಅದು ಸಾಲದು. ಅಂಗಳವಿಲ್ಲದೆ ರಸ್ತೆಯಲ್ಲಿ ಕಾರು ನಿಲ್ಲಿಸುವವರು ಪಾದಚಾರಿ ಮಾರ್ಗದ ಮೇಲೆ ಕೇಬಲ್ ಎಳೆಯುವುದಂತೂ ಸರ್ವಥಾ ಕೂಡದು. ಅಂಥವರಿಗೆ ಕಾರ್ಖಾನೆಯಲ್ಲಿ ಚಾರ್ಜ್ ಮಾಡಿಕೊಳ್ಳುವುದೇ ಸೂಕ್ತ.

ವಿದ್ಯುತ್ ವಾಹನ ನೀತಿಯನ್ನು 2017ರಲ್ಲೇ ದೇಶದಲ್ಲಿ ಮೊದಲಿಗೆ ರೂಪಿಸಿದ ರಾಜ್ಯ ನಮ್ಮದು. ದರ ಪರಿಷ್ಕರಣೆಯ ಸಂದರ್ಭದಲ್ಲಿ ಆಯೋಗವು ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ಬಳಸುವ ಗೃಹ ಚಾರ್ಜರಿನ ಲೋಡಿಗೆ ನಿಗದಿತ ಶುಲ್ಕದಿಂದ ವಿನಾಯಿತಿ ನೀಡಬೇಕು, ಹಾಲಿ ಸಂಪರ್ಕವಿರುವ ಮನೆಗೆ ವಾಹನದ ಎರಡನೇ ಮೀಟರನ್ನು ಹೊಸದಾಗಿ ಓ.ಸಿ. ಕೇಳದೆ ಒದಗಿಸಬೇಕು ಎಂಬ ಎರಡು ಬೇಡಿಕೆಗಳನ್ನು ನಮ್ಮ ಮಂಡಳಿಯು ಮುಂದಿನ ವಿಚಾರಣೆಯಲ್ಲಿ ಲಿಖಿತವಾಗಿ ಮಂಡಿಸಬೇಕೆಂದು ವಿನಂತಿಸುತ್ತೇನೆ. ಸದಸ್ಯರು ಕಾರು ಕೊಳ್ಳುವ ಮೊದಲಿನ ಹಾಗೂ ನಂತರದ ಮೂರು ಮೂರು ತಿಂಗಳ ಬಿಲ್ಲುಗಳ ಪ್ರತಿಗಳನ್ನು ಮಂಡಳಿಯ ಕಚೇರಿಗೆ ಒದಗಿಸಿದಲ್ಲಿ ಆ ಮನವಿಗೆ ಆಧಾರ ದೊರೆಯುತ್ತದೆ.