ಚಕ್ರವರ್ತಿಗಳಿಗೆ ಒರೆಗಲ್ಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗಳ ನಮ್ಮ ವಿದ್ಯಾರ್ಥಿನಿಯರಲ್ಲಿ ಇತಿಹಾಸದ ಪಾಠವಾದ ಬಳಿಕ ಒಂದು ಚರ್ಚೆಯು ತಪ್ಪದೆ ಹುಟ್ಟುವದು: ರೋಮ ಹಾಗೂ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗಳಲ್ಲಿ ಮೆಚ್ಚತಕ್ಕವರು ಯಾರು, ದುಷ್ಟರು ಯಾರು? ನೀರೋ ದುಷ್ಟನು, ಮಾರ್ಕಸ್ ಅರೇಲಿಯಸನು ಜ್ಞಾನಿಯು, ಕಾನ್‌ಸ್ಟಂಟೈನನು ಧರ್ಮಿಷ್ಠನು ಎಂಬ ಉತ್ತರವೂ ಸಿದ್ಧವಾಗಿರುವದು. ಇಷ್ಟು ಸುಲಭವಾಗಿ ತೀರ್ಪು ಕೊಡುವದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ನೀರೋನ ಕ್ರೌರ್ಯವನ್ನು ನಾವು ಅಲ್ಲಗಳೆಯುವದಿಲ್ಲ. ಕ್ರಿ. ಶ. 64ರಲ್ಲಿ ರೋಮಾಪುರಿಯು ಬೆಂದುಹೋದಾಗ ಅವನು ಆ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಅವರನ್ನು ಕೊಲ್ಲಿಸಿದನು. ಆದರೆ ಜ್ಞಾನಿಯೆಂದು ಕೊಂಡಾಡಲ್ಪಡುವ ಮಾರ್ಕಸನ ಆಳಿಕೆಯಲ್ಲಿಯೇ, 177ರಲ್ಲಿ, ಲಿಯೋನ್ಸ್ ಪಟ್ಟಣದೊಳಗೆ ಬ್ಲಾಂಡಿನಾ ಎಂಬ ದಾಸಿಯು ಕಾಡುಮೃಗಗಳ ಮುಂದೆ ಹಾಕಲ್ಪಟ್ಟು, ರಕ್ತಸಾಕ್ಷಿಯಾಗಿ ಮಡಿದಳು. 313ರಲ್ಲಿ ಕ್ರೈಸ್ತ ಸಭೆಗೆ ನೆಮ್ಮದಿಯನ್ನು ಕೊಟ್ಟ ಕಾನ್‌ಸ್ಟಂಟೈನನು 326ರಲ್ಲಿ ಸ್ವಂತ ಮಗನಾದ ಕ್ರಿಸ್ಪಸನನ್ನು ಕೊಲ್ಲಿಸಿದನು. ಹಾಗಿಯಾ ಸೋಫಿಯಾ ದೇವಾಲಯವನ್ನು ಕಟ್ಟಿಸಿದ ಜಸ್ಟಿನಿಯನನ ಸೈನಿಕರು, 532ರಲ್ಲಿ ದಂಗೆಯೆದ್ದ 30,000ಕ್ಕೂ ಹೆಚ್ಚು ಪ್ರಜೆಗಳನ್ನು ರಥಪಂದ್ಯದ ಬಯಲಿನಲ್ಲಿ ಕಡಿದರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸನು ಬರೆದಿರುವನು. ಹಾಗಾದರೆ ಅರಸನ ಪಾಂಡಿತ್ಯವಾಗಲಿ, ಮತವಾಗಲಿ, ಅವನು ಕಟ್ಟಿಸಿದ ಗೋಪುರವಾಗಲಿ ಒರೆಗಲ್ಲಾಗಲಾರದು.

ಇದು ಪರದೇಶದ ಮಾತಷ್ಟೇ ಅಲ್ಲ. ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ನಾಡೆಲ್ಲ ಬಲ್ಲದು. ಅವರು ಭಂಡಾರಿಯಾಗಿ ಸೇವೆಗೈದ ಕಲಚುರಿ ಬಿಜ್ಜಳನು, ಚಾಲುಕ್ಯರ ಸಾಮಂತನಾಗಿದ್ದು ಕಲ್ಯಾಣದ ಸಿಂಹಾಸನವನ್ನೇ ಏರಿದ ಸಮರ್ಥನು. ಅವನನ್ನು ಶರಣರ ಪುರಾಣಗಳು ಒಂದು ಬಗೆಯಾಗಿಯೂ ಜೈನರ ಕಾವ್ಯಗಳು ಬೇರೊಂದು ಬಗೆಯಾಗಿಯೂ ಚಿತ್ರಿಸಿವೆ. ಆದರೆ ಸಮಗಾರ ಹರಳಯ್ಯನೂ ಬ್ರಾಹ್ಮಣ ಮಧುವರಸನೂ ತಮ್ಮ ಮಕ್ಕಳಿಗೆ ಲಗ್ನಮಾಡಿದ ಕಾರಣ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂಬ ಕಥೆಯನ್ನು ನಮ್ಮ ಸೀಮೆಯ ಜನರು ಇಂದಿಗೂ ಮರೆತಿಲ್ಲ.

ಇನ್ನೊಂದು ಸಾಕ್ಷಿಯು ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವು. ರಾಷ್ಟ್ರಕೂಟ ಮೂರನೆಯ ಕೃಷ್ಣನು 949ರಲ್ಲಿ ತಕ್ಕೋಲದೊಳಗೆ ಚೋಳರನ್ನು ಮುರಿದ ಕೀರ್ತಿಶಾಲಿ. ಆದರೆ 945ರಲ್ಲಿ ಅವನ ಮಂತ್ರಿ ನಾರಾಯಣನು ಸಾಲೋಟಗಿಯಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ಊರವರು ಮದುವೆ ಮುಂಜಿಗಳಲ್ಲಿ ಶಾಲೆಗೆ ಕಾಣಿಕೆ ಸಲ್ಲಿಸುತ್ತಿದ್ದರು. ಅಗ್ರಹಾರದ ಆ ವಿದ್ಯೆಯು ಎಲ್ಲ ಜಾತಿಯವರಿಗೂ ದೊರೆಯುವಂಥದಾಗಿರಲಿಲ್ಲ ನಿಜ. ಆದರೂ ತಕ್ಕೋಲದ ಜಯಕ್ಕಿಂತ ಈ ಕಂಬವೇ ಆ ದೊರೆಯ ಕಾಲಕ್ಕೆ ಹೆಚ್ಚಿನ ಭೂಷಣವೆಂದು ನಾವು ತಿಳಿಯುವೆವು.

ದೊರೆಯನ್ನು ಮೆಚ್ಚುವ ಮುನ್ನ ಅವನ ರಾಜ್ಯದಲ್ಲಿ ದಾಸಿಗೂ ಸಮಗಾರನಿಗೂ ಓದಬಂದ ಮಗುವಿಗೂ ಏನಾಯಿತೆಂದು ಕೇಳಬೇಕು. ಅತ್ಯಲ್ಪರಿಗೆ ಮಾಡಿದ್ದನ್ನು ತನಗೇ ಮಾಡಿದ್ದೆಂದು ಎಣಿಸುವೆನೆಂದು ನಮ್ಮ ಕರ್ತನು ಕಲಿಸಿದ್ದೂ ಇದನ್ನೇ. ಸೋದರಿಯರೇ, ನಮ್ಮಲ್ಲಿ ಯಾರೂ ಸಿಂಹಾಸನವನ್ನೇರಲಿಕ್ಕಿಲ್ಲ. ಆದರೆ ನಾಳೆ ಮನೆಯ ಯಜಮಾನಿತಿಯಾಗಿ, ಉಪಾಧ್ಯಾಯಿನಿಯಾಗಿ, ಅಧಿಕಾರಿಣಿಯಾಗಿ ನಮ್ಮ ಮಾತಿಗೆ ಒಳಗಾದವರು ಕೆಲವರಾದರೂ ಇರುವರು. ಆಗ ಇದೇ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳತಕ್ಕದ್ದು.